ಬೀಗವಿಲ್ಲದ ವಸ್ತುಸಂಗ್ರಹಾಲಯ

ಶಿರಸಿಯ ಬಸ್ಸುನಿಲ್ದಾಣದಲ್ಲಿ ಮಡದಿಮಕ್ಕಳೊಡನೆ ಇಳಿದು, “ಇಲ್ಲಿ ಹುಡುಗರಿಗೆ ತೋರಿಸಬಹುದಾದ ವಸ್ತುಸಂಗ್ರಹಾಲಯ ಎಲ್ಲಿದೆ?” ಎಂದು ಕೇಳಿದ ಪ್ರವಾಸಿಗೆ ಊರಿನವರು ಒಡನೆ ಉತ್ತರ ಹೇಳಲಾರರು. ತುಸು ಯೋಚಿಸಿ ಒಬ್ಬರು ಅಮ್ಮನವರ ಗುಡಿಯತ್ತ ಕೈ ತೋರಿಯಾರು. ಇನ್ನೊಬ್ಬರು ಬನವಾಸಿಯ ಬಸ್ಸು ಹತ್ತಿಸಿಯಾರು. ಮತ್ತೊಬ್ಬರು, “ಹೊಳೆಯಲ್ಲಿ ನೀರು ಇಳಿದಿದ್ದರೆ ಮೊದಲು ಸಹಸ್ರಲಿಂಗಕ್ಕೆ ಹೋಗಿ ಬನ್ನಿ” ಎಂದಾರು. ಮೂವರ ಮಾತೂ ಸರಿಯೇ. ಜಿಲ್ಲೆಯ ಕೇಂದ್ರವಾದ ಕಾರವಾರದಲ್ಲಿ ‘ಚಪಲ್’ ಎಂಬ ಯುದ್ಧನೌಕೆಯನ್ನೇ ಕಡಲಿನಿಂದ ದಡಕ್ಕೆ ತಂದು ಸಂಗ್ರಹಾಲಯ ಮಾಡಿದ್ದಾರೆ. ಅದನ್ನು ಹತ್ತಿ ಇಳಿದ ಮಕ್ಕಳು ಮನೆಗೆ ಬಂದ ಮೇಲೂ ಅದರ ಮಾತನ್ನೇ ಆಡುತ್ತಾರೆ. ಘಟ್ಟದ ಮೇಲಿನ ಈ ಮೂರು ತಾಲೂಕುಗಳ ರೀತಿ ಬೇರೆ. ಇಲ್ಲಿ ನೋಡತಕ್ಕ ವಸ್ತುಗಳು ಹೊಳೆಯಲ್ಲಿ, ಗುಡಿಯಲ್ಲಿ, ಅಡುಗೆಮನೆಯಲ್ಲಿ, ಹಾಸಿಗೆಯ ಮೇಲೆ ಹರಡಿಕೊಂಡಿವೆ. ಅವುಗಳಿಗೆ ಗಾಜಿನ ಪೆಟ್ಟಿಗೆಯಿಲ್ಲ. ‘ಮುಟ್ಟಬೇಡಿ’ ಎಂಬ ಹಲಗೆ ಎಲ್ಲೋ ಒಂದೆಡೆ ಕಂಡರೆ ಕಂಡೀತು.

ಶಿರಸಿಯಿಂದ ಯಲ್ಲಾಪುರದ ದಾರಿಯಲ್ಲಿ ಸುಮಾರು ೧೫ ಕಿಲೋಮೀಟರು ಸಾಗಿ, ಕಾಡಿನೊಳಗೆ ಇಳಿದರೆ ಶಾಲ್ಮಲೆಯ ಸದ್ದು ಕೇಳುತ್ತದೆ. ಮಳೆಗಾಲದಲ್ಲಿ ಬಂದವರಿಗೆ ಕಾಣುವುದು ಕೆಂಪು ನೀರು ಮಾತ್ರ. ಕಾರ್ತಿಕ ಕಳೆದು ಹೊಳೆ ಸಣ್ಣದಾಗುತ್ತ ಬಂದಂತೆ ಬಂಡೆಗಳು ಒಂದೊಂದಾಗಿ ಬೆನ್ನು ತೋರುತ್ತವೆ. ಬಂಡೆಯ ಬೆನ್ನಿನ ಮೇಲೆ ಲಿಂಗ, ಲಿಂಗದ ಎದುರಿಗೆ ಬಸವ. ದೊಡ್ಡವು, ಚಿಕ್ಕವು, ತಲೆ ಸವೆದವು, ಅರ್ಧ ಮುಳುಗಿದವು. ಎಣಿಸಲು ಹೊರಟ ಹುಡುಗರು ಐವತ್ತು ಅರವತ್ತಕ್ಕೆ ಲೆಕ್ಕ ತಪ್ಪಿಸಿಕೊಂಡು ಮತ್ತೆ ಮೊದಲಿನಿಂದ ಆರಂಭಿಸುವುದೇ ಇಲ್ಲಿಯ ಆಟ. ಇವುಗಳನ್ನು ಕಡೆಸಿದವನು ೧೬೭೮ರಿಂದ ೧೭೧೮ರವರೆಗೆ ಸೋದೆಯನ್ನಾಳಿದ ಸದಾಶಿವರಾಯನೆಂದು ಪ್ರತೀತಿ.

ದೂರದ ಕಾಂಬೋಡಿಯಾದಲ್ಲಿ, ಅಂಗಕೋರಿನ ಮೇಲ್ಗಡೆಯ ಕುಲೇನ್ ಬೆಟ್ಟದಲ್ಲಿಯೂ ಇಂಥದೇ ಒಂದು ಹೊಳೆಯಿದೆ. ಕ್ಬಾಲ್ ಸ್ಪಿಯನ್ ಎಂಬ ಆ ಸ್ಥಳದಲ್ಲಿ ೧೧ನೆಯ ಶತಮಾನದಲ್ಲಿ ಹೊಳೆಯ ತಳದಲ್ಲಿಯೇ ಲಿಂಗಗಳ ಸಾಲುಗಳನ್ನು ಕಡೆದರು; ಅವುಗಳ ಮೇಲೆ ಹರಿದ ನೀರು ಪಾವನವಾಗಿ ಕೆಳಗಿನ ನಾಡನ್ನು ತಣಿಸಲೆಂಬುದು ಅಲ್ಲಿಯವರ ಭಾವನೆ. ಆರು ಶತಮಾನಗಳ ಅನಂತರ, ಆ ಹೊಳೆಯ ಹೆಸರನ್ನೇ ಕೇಳಿರದ ಮಲೆನಾಡಿನ ಕಲ್ಲುಕುಟಿಗರು ಶಾಲ್ಮಲೆಯಲ್ಲಿ ಕುಳಿತು ಅದೇ ಕೆಲಸವನ್ನು ಮಾಡಿದರೆಂಬುದು ಸೋಜಿಗ. ಶಾಲ್ಮಲೆಯ ನೀರೂ ಕೊನೆಗೆ ಬೇಡ್ತಿ–ಗಂಗಾವಳಿಯನ್ನು ಕೂಡಿ ಕಡಲಿಗೆ ಸೇರುತ್ತದೆ.

ಹೊಳೆಯು ಈ ಲಿಂಗಗಳನ್ನು ವರ್ಷಕ್ಕೆ ಆರು ತಿಂಗಳು ತಿಕ್ಕುತ್ತದೆ. ಶಿವರಾತ್ರಿಯ ದಿನ ಸಾವಿರಾರು ಜನ ಬಂದು ತಮಗೆ ಸಿಕ್ಕಿದ ಲಿಂಗಕ್ಕೆ ತಾವೇ ನೀರೆರೆದು, ಹೂವೇರಿಸಿ, ಪೂಜೆ ಮಾಡುತ್ತಾರೆ. ಸಂಗ್ರಹಾಲಯದ ಅಧಿಕಾರಿಯೊಬ್ಬನು ಇದನ್ನು ಕಂಡರೆ ತಲೆಯ ಮೇಲೆ ಕೈ ಹೊತ್ತು ಕುಳಿತಾನು. ಆದರೆ ಪೂಜೆಯಿಲ್ಲದಿದ್ದರೆ ಈ ಕಾಡಿನಲ್ಲಿ ಇವುಗಳ ನೆನಪು ಯಾರಿಗಿರುತ್ತಿತ್ತು? ೧೭೬೦ರ ದಶಕದಲ್ಲಿ ಹೈದರಾಲಿಯ ದಂಡು ಬಂದಾಗ ಸೋದೆಯ ಅರಸು ಘಟ್ಟವಿಳಿದು ಗೋವೆಯ ಪೋರ್ತುಗೀಜರ ಆಶ್ರಯ ಸೇರಿದನು. ಆ ಮನೆತನ ಅಲ್ಲಿಯೇ ನೆಲೆಸಿತು. ಅರಸು ಹೋದ, ಅರಮನೆ ಹೋಯಿತು, ಕೋಟೆ ಪಾಳುಬಿತ್ತು. ಉಳಿದವು ಸೋದೆಯ ಮಠಗಳು ಮತ್ತು ಹೊಳೆಯ ಲಿಂಗಗಳು. ಪಾಚಿಗಟ್ಟಿದ ಬಂಡೆಗಳು ಬಹಳ ಜಾರುತ್ತವೆ; ಮಕ್ಕಳ ಕೈ ಬಿಡಲಾಗದು. ಬೇಕೆಂದವರು ತೂಗುಸೇತುವೆಯ ಮೇಲೆ ನಿಂತು ನೋಡಬಹುದು.

ಬನವಾಸಿ ಶಿರಸಿಯಿಂದ ೨೩ ಕಿಲೋಮೀಟರು. ಪಂಪನ ಹೆಸರನ್ನು ಶಾಲೆಯಲ್ಲಿ ಬಾಯಿಪಾಠ ಮಾಡಿದ ಮಕ್ಕಳು ಬಸ್ಸಿಳಿದು ನೋಡಿದರೆ ಕಾಣುವುದು ಒಂದು ಚಿಕ್ಕ ಊರು, ರಥಬೀದಿ, ವರದೆಯ ನೀರು. ಕದಂಬರ ರಾಜಧಾನಿ ಇದೇ ಏನು ಎಂದು ಅವರ ಮುಖ ಬಾಡುವುದುಂಟು. ಮಧುಕೇಶ್ವರನ ಪ್ರಾಕಾರವನ್ನು ಹೊಕ್ಕ ಮೇಲೆ ಆ ಬಾಡಿಕೆ ಉಳಿಯುವುದಿಲ್ಲ. ದೊಡ್ಡ ನಂದಿಯು ಒಂದು ಕಣ್ಣಿನಿಂದ ಈಶ್ವರನನ್ನೂ ಇನ್ನೊಂದರಿಂದ ಪಕ್ಕದ ಗುಡಿಯ ಪಾರ್ವತಿಯನ್ನೂ ನೋಡುತ್ತಿದೆಯೆಂದು ಹೇಳುವರು. ಅದು ನಿಜವೇ ಎಂದು ಪರೀಕ್ಷಿಸಲು ಹುಡುಗರು ಬಸವನ ಮುಖದ ಬಳಿ ಬಗ್ಗಿ ನಿಂತೇ ನಿಲ್ಲುತ್ತಾರೆ. ಪ್ರಾಕಾರದ ಸುತ್ತ ಅಷ್ಟದಿಕ್ಪಾಲಕರಿದ್ದಾರೆ. ಆನೆಯ ಮೇಲಿನವನು ಇಂದ್ರ, ಅದು ಮೂಡಣ, ಟಗರಿನವನು ಅಗ್ನಿ, ಕೋಣನ ಮೇಲಿನವನು ಯಮ, ಅದು ತೆಂಕಣ, ಮೊಸಳೆಯಂಥ ಮಕರದ ಮೇಲೆ ಪಡುವಣದ ವರುಣ. ವಾಹನ ನೋಡಿ ದಿಕ್ಕು ಹೇಳುವ ಈ ಪಾಠವನ್ನು ಅಜ್ಜಿಯೊಬ್ಬಳು ಜೊತೆಯಲ್ಲಿದ್ದರೆ ಅರ್ಧ ಗಂಟೆಯಲ್ಲಿ ಕಲಿಸಿಯಾಳು. ಸೋದೆಯ ಅರಸುಮನೆತನದವರು ಒಪ್ಪಿಸಿದ ಕಲ್ಲಿನ ಮಂಚವೂ ಇಲ್ಲಿಯೇ ಇದೆ. ಮರಗೆಲಸದವನು ಬೀಟೆಯಲ್ಲಿ ಮಾಡಬಹುದಾದ ನಯವನ್ನು ಕಲ್ಲಿನಲ್ಲಿ ತಂದಿರುವ ಆ ಮಂಚದ ಮುಂದೆ ಎಲ್ಲ ಮಕ್ಕಳೂ ಕೇಳುವ ಪ್ರಶ್ನೆ ಒಂದೇ: “ಇದರ ಮೇಲೆ ಯಾರು ಮಲಗುತ್ತಿದ್ದರು?”

ಇವೆಲ್ಲವುಗಳ ನಡುವೆ ಬಹುಮಂದಿ ನೋಡದೆ ಹೋಗುವ ವಸ್ತುವೊಂದಿದೆ: ಐದು ಹೆಡೆಯ ನಾಗನ ಕಲ್ಲು. ಅದರ ಅಂಚಿನಲ್ಲಿ ಬ್ರಾಹ್ಮೀ ಲಿಪಿಯ, ಪ್ರಾಕೃತ ಭಾಷೆಯ ಬರಹವಿದೆ. ಚುಟುಕುಲದ ಸಾತಕರ್ಣಿಯ ಆಳ್ವಿಕೆಯಲ್ಲಿ ರಾಜಕುಮಾರಿಯೊಬ್ಬಳು ನಾಗಶಿಲೆಯನ್ನೂ ಕೆರೆಯನ್ನೂ ವಿಹಾರವನ್ನೂ ಮಾಡಿಸಿಕೊಟ್ಟಳೆಂಬುದು ಅದರ ಸಾರ. ಮಯೂರಶರ್ಮನು ಹುಟ್ಟುವುದಕ್ಕೂ ಹಿಂದಿನ ಮಾತು ಅದು. ಕೊನೆಯಲ್ಲಿ ಶಿಲ್ಪಿಯ ಹೆಸರು ಬರುತ್ತದೆ. ಅವನು ನಟಕ. ತನ್ನ ಹೆಸರಿನೊಂದಿಗೆ ತನಗೆ ವಿದ್ಯೆ ಕಲಿಸಿದ ಜಯಂತಿಪುರದ ಇದಮೋರಕನ ಹೆಸರನ್ನೂ ಅವನು ಕಲ್ಲಿನಲ್ಲಿ ಉಳಿಸಿದ್ದಾನೆ. ಜಯಂತಿಪುರವೆಂದರೆ ಬನವಾಸಿಯೇ. ಕನ್ನಡ ನಾಡಿನ ಎಷ್ಟೋ ದೊಡ್ಡ ದೇವಾಲಯಗಳನ್ನು ಕಟ್ಟಿದವರು ಯಾರೆಂಬುದು ಇಂದಿಗೂ ತಿಳಿಯದು. ಸುಮಾರು ೧೭೦೦ ವರ್ಷಗಳ ಹಿಂದಿನ ಈ ಗುರುಶಿಷ್ಯರ ಹೆಸರುಗಳು ಮಾತ್ರ ಉಳಿದುಬಂದಿವೆ. ಕಲ್ಲಿನ ಮಂಚವನ್ನು ತೋರಿಸುವ ಉತ್ಸಾಹದಲ್ಲಿ ಹಿರಿಯರು ಈ ಕಲ್ಲನ್ನು ದಾಟಿ ಹೋಗಬಾರದು.

ಶಿರಸಿಯ ಮಾರಿಕಾಂಬೆಯ ಗುಡಿ ೧೬೮೮ರಲ್ಲಿ ಕಟ್ಟಿದ್ದು. ಒಳಗಿರುವುದು ಏಳಡಿ ಎತ್ತರದ ಮರದ ಮೂರ್ತಿ. ಎರಡು ವರ್ಷಕ್ಕೊಮ್ಮೆ ಜಾತ್ರೆ; ಅದಕ್ಕೆ ಮೊದಲು ಮೂರ್ತಿಗೆ ಹೊಸ ಬಣ್ಣವೇರುತ್ತದೆ, ಅನಂತರ ತಾಯಿ ತೇರನ್ನೇರಿ ಬಿಡಕಿಬಯಲಿಗೆ ಬಂದು ಗದ್ದುಗೆಯ ಮೇಲೆ ಕೂಡುತ್ತಾಳೆ. ಹಳೆಯ ಬಣ್ಣವನ್ನೇ ಕಾಪಾಡಬೇಕೆನ್ನುವ ಸಂಗ್ರಹಾಲಯದ ನಿಯಮ ಇಲ್ಲಿ ನಡೆಯದು. ಹೊಸ ಬಣ್ಣ ಬಳಿಯುವ ಕೈ ಉಳಿದರೆ ಇಲ್ಲಿ ಎಲ್ಲವೂ ಉಳಿದಂತೆ. ಹಿಂದೆ ಜಾತ್ರೆಯಲ್ಲಿ ಕೋಣನ ಬಲಿಯಿತ್ತು. ೧೯೩೪ರಲ್ಲಿ ಗಾಂಧೀಜಿಯವರು ಹರಿಜನ ಯಾತ್ರೆಯಲ್ಲಿ ಶಿರಸಿಗೆ ಬಂದರು. ಆ ಬಲಿ ನಿಂತದ್ದು ಅವರ ಪ್ರಭಾವದಿಂದ.

ಗುಡಿಯ ಒಳಪೌಳಿಯ ಗೋಡೆಗಳಲ್ಲಿ ಕಾವಿಕಲೆಯ ಚಿತ್ರಗಳಿವೆ. ಸುಣ್ಣದ ಗಾರೆಯನ್ನು ನಯವಾಗಿ ಬಳಿದು, ಅದರ ಮೇಲೆ ಕೆಮ್ಮಣ್ಣಿನ ಪದರವೆಳೆದು, ಹೊಳೆಯ ಉರುಟುಕಲ್ಲಿನಿಂದ ತಿಕ್ಕಿ ಹೊಳಪು ತರಬೇಕು. ಗಾರೆ ಆರುವುದರೊಳಗೆ ಕಂಟದಿಂದ ಕೆಂಪನ್ನು ಕೆರೆದು ಕೆಳಗಿನ ಬಿಳಿಯನ್ನು ಬಿಡಿಸಬೇಕು. ತಪ್ಪಿದರೆ ಅಳಿಸಿ ತಿದ್ದುವಂತಿಲ್ಲ. ಕರಾವಳಿಯಲ್ಲಿಯೂ ಗೋವೆಯಲ್ಲಿಯೂ ಗುಡಿಗಳನ್ನು ಹೊಸದಾಗಿ ಕಟ್ಟುವ ಭರದಲ್ಲಿ ಇಂಥ ಗೋಡೆಗಳೆಷ್ಟೋ ನೆಲಸಮವಾದವು. ಹೊನ್ನಾವರದ ಡಾ. ಕೃಷ್ಣಾನಂದ ಕಾಮತರು ಊರೂರು ಅಲೆದು ಛಾಯಾಚಿತ್ರ ತೆಗೆದಿಡದಿದ್ದರೆ ಅವು ಇದ್ದುವೆಂಬುದಕ್ಕೂ ಸಾಕ್ಷಿ ದೊರೆಯುತ್ತಿರಲಿಲ್ಲ.

ಸಿದ್ದಾಪುರದ ಕಡೆ ಹೊರಟವರು ಬಿಳಗಿಯ ರತ್ನತ್ರಯ ಬಸದಿಯನ್ನು ನೋಡಬಹುದು. ಭುವನಗಿರಿಯನ್ನೇರಿ ಭುವನೇಶ್ವರಿಯ ದರ್ಶನ ಪಡೆಯಬಹುದು. ಜೋಗದ ದಾರಿಯ ಮಾವಿನಗುಂಡಿಯಲ್ಲಿ ಮಾತ್ರ ವಾಹನ ನಿಲ್ಲಿಸಲೇಬೇಕು. ಕರನಿರಾಕರಣೆಯ ಕಾಲದಲ್ಲಿ ಸರಕಾರ ರೈತರ ಆಸ್ತಿಯನ್ನು ಜಪ್ತು ಮಾಡಿ ಹರಾಜು ಹಾಕಿತು. ೧೯೩೨ರಲ್ಲಿ, ಆ ಆಸ್ತಿಯನ್ನು ಕೊಂಡವರ ಮನೆಗಳ ಮುಂದೆ ಈ ಸೀಮೆಯ ಹೆಂಗಸರು ಉಪವಾಸ ಕುಳಿತರು. ಅಡುಗೆಮನೆಯಿಂದ ಜಗುಲಿಗೆ ಬರಲೂ ಸಂಕೋಚಪಡುತ್ತಿದ್ದವರು ಅವರು. ಅವರ ನೆನಪಿಗೆ ಅಲ್ಲಿ ಸ್ಮಾರಕವಿದೆ. ಜೋಗಕ್ಕೆ ಧಾವಿಸುವ ಕಾರುಗಳಲ್ಲಿ ನಿಲ್ಲುವವು ಕಡಿಮೆ.

ಆ ಹೆಂಗಸರು ಬಳಸಿದ ಮೆಟ್ಟುಗತ್ತಿ, ಬೀಸುಕಲ್ಲು, ಕವಳದ ತಬಕುಗಳು ಇಂದು ಎಲ್ಲಿವೆ? ಅಡಿಕೆ ತೋಟಗಳ ನಡುವಣ ಹಳೆಯ ಮನೆಗಳೇ ಈ ಸೀಮೆಯ ಅತ್ಯಂತ ದೊಡ್ಡ ಸಂಗ್ರಹಾಲಯ. ಅಟ್ಟ ಹತ್ತಿದರೆ ಹಾಳೆಯ ಟೊಪ್ಪಿ, ಮಳೆಗಾಲದ ಗೊರಬು, ಕೊಳಗ, ತಾಳೆಗರಿಯ ಕಟ್ಟು. ಮಕ್ಕಳು ಬೆಂಗಳೂರು ಸೇರಿದ್ದಾರೆ, ಹಿರಿಯರಿಬ್ಬರೇ ಮನೆಯಲ್ಲಿದ್ದಾರೆ. ಕೆತ್ತನೆಯ ಕಂಬ, ಬಾಗಿಲವಾಡಗಳನ್ನು ಕೇಳಿಕೊಂಡು ವ್ಯಾಪಾರಿ ಬರುತ್ತಾನೆ. ಸೋರುವ ಮಾಡಿಗೆ ಹಣ ಬೇಕು. ಕಂಬ ಲಾರಿ ಹತ್ತಿ ಯಾವುದೋ ನಗರದ ಉಪಾಹಾರಗೃಹದ ಮೂಲೆ ಸೇರುತ್ತದೆ. ಕೊಟ್ಟವರನ್ನು ದೂರುವುದು ಸುಲಭ. ಮಳೆಗಾಲದ ನಾಲ್ಕು ತಿಂಗಳು ಆ ಮನೆಯಲ್ಲಿದ್ದು ನೋಡಿದವರು ಹಾಗೆ ದೂರಲಾರರು. ರಜೆಗೆ ಬಂದ ಮೊಮ್ಮಕ್ಕಳು ಅಟ್ಟ ಹತ್ತಿ ಒಂದೊಂದು ವಸ್ತುವಿನ ಹೆಸರು ಕೇಳಿ ಬರೆದಿಟ್ಟುಕೊಂಡರೆ, ವಸ್ತು ಹೋದರೂ ಅದರ ಹೆಸರಾದರೂ ಉಳಿದೀತು.

ಯಲ್ಲಾಪುರಕ್ಕೆ ಬಂದವರು ಮಾಗೋಡಿನಲ್ಲಿ ಬೇಡ್ತಿ ಧುಮುಕುವುದನ್ನು ನೋಡಿ ಹಿಂದಿರುಗುವುದು ವಾಡಿಕೆ. ಅದೇ ಕಾಡಿನ ಅಂಚಿನಲ್ಲಿ ಸಿದ್ದಿಯರ ಊರುಗಳಿವೆ. ಶತಮಾನಗಳ ಹಿಂದೆ ಆಫ್ರಿಕೆಯಿಂದ ಬಂದವರ ಸಂತತಿ ಇವರು. ೨೦೦೩ರಲ್ಲಿ ಇವರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಲಾಯಿತು. ಇವರ ಹೆಂಗಸರು ಹೊಲಿಯುವ ಕೌದಿಗೆ ಕವಂದಿ ಎಂದು ಹೆಸರು. ಹಳೆಯ ಸೀರೆ, ಅಂಗಿಗಳ ತುಂಡುಗಳನ್ನು ಅಂಚಿನಿಂದ ಆರಂಭಿಸಿ, ಸುತ್ತುತ್ತ ಸುತ್ತುತ್ತ ನಡುವಿಗೆ ಬಂದು ಮುಗಿಸುತ್ತಾರೆ. ೨೦೧೧ರಲ್ಲಿ ಅಮೆರಿಕದ ಸಂಗ್ರಹಾಲಯದಲ್ಲಿ ಇವುಗಳ ಪ್ರದರ್ಶನವಾಯಿತು. ಬಿಳಿಯ ಗೋಡೆಯ ಮೇಲೆ ದೀಪದ ಬೆಳಕಿನಲ್ಲಿ ಜನ ದೂರ ನಿಂತು ನೋಡಿದರು. ಯಲ್ಲಾಪುರದ ಕಾಡಿನಲ್ಲಿ ಅದೇ ಕವಂದಿಯನ್ನು ಬೇಲಿಯ ಮೇಲೆ ಒಣಹಾಕುತ್ತಾರೆ, ರಾತ್ರಿ ಮಕ್ಕಳಿಗೆ ಹೊದೆಸುತ್ತಾರೆ. ನಾಲ್ಕು ಮೂಲೆಗಳಲ್ಲಿ ಬಟ್ಟೆಯನ್ನು ಮಡಿಸಿ ಹೊಲಿದ ಚಿಕ್ಕ ಚೌಕಗಳಿಗೆ ‘ಫೂಲ’ ಎನ್ನುತ್ತಾರೆ. ಹೂವಿಲ್ಲದ ಕವಂದಿ ಬತ್ತಲೆ ಎಂಬುದು ಅವರ ಎಣಿಕೆ. ಆದುದರಿಂದ ಎಷ್ಟೇ ಅವಸರವಿದ್ದರೂ ನಾಲ್ಕು ಮೂಲೆಗೆ ನಾಲ್ಕು ಹೂವು ಇಟ್ಟೇ ಸೂಜಿಯನ್ನು ಕೆಳಗಿಡುವರು.