ಎದ್ದಾಕಿ ಪಾಳಿ ಹೋತು

ಚೌಕಾಬಾರ ಆಡದ ಮನಿ ನಮ್ಮ ಕಡೆ ಯಾವುದೈತಿ ಹೇಳ್ರಿ. ಕೂಡ್ಲಿಗಿ ಇರ್ಲಿ, ಕೊಟ್ಟೂರು ಇರ್ಲಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಲ್ಲೇ ಇರ್ಲಿ, ಹಳೇ ಮನಿ ಪಡಸಾಲಿ ಕಲ್ಲಿನ ಮ್ಯಾಲೆ ಐದೈದ್ಲಿ ಇಪ್ಪತ್ತೈದು ಮನಿ ಕೊರೆದಿದ್ದು ಒಂದಾದ್ರೂ ಸಿಗ್ತೈತಿ. ಇಲ್ಲಾಂದ್ರ ಬಳಪದಾಗ ಗೀರಿದ್ರಾತು. ಹಂಪಿಗೆ ಹೋದಾಗ ಗುಡಿ ಜಗಲಿ ಮ್ಯಾಲೆ ನೋಡ್ರಿ, ಅಲ್ಲೂ ಇಂಥಾ ಆಟದ ಮನಿ ಕಲ್ಲಾಗ ಕೊರೆದಾರ. ಎಲ್ಲರೂ ಕಂಬ ನೋಡ್ತಾರ, ಗೋಪುರ ನೋಡ್ತಾರ. ನಾನು ಮಾತ್ರ ನೆಲ ನೋಡ್ಕೋತ ಹೋಗ್ತೀನಿ. ನಮ್ಮ ಮನಿಯವರು "ಏನು ಕಳ್ಕೊಂಡಿ" ಅಂತ ಕೇಳ್ತಾರ.

ಆಟ ಅಂದ್ರ ನನಗ ಪ್ರಾಣ. ಆದ್ರ ಆಟದ ಕಟ್ಟಳಿ ಎಲ್ಲಾನೂ ನಾನು ಒಪ್ಪಿಲ್ಲ. ಇವತ್ತು ಅದನ್ನ ಬರೀಬೇಕು ಅಂತ ಕುಂತೀನಿ.

ಮೊದ್ಲು ಗೊತ್ತಿಲ್ಲದ ಸಣ್ಣ ಹುಡುಗ್ಯಾರಿಗೆ ಸ್ವಲ್ಪ ಹೇಳ್ತೀನಿ. ನಾಲ್ಕು ಮಂದಿ, ಒಬ್ಬೊಬ್ಬರಿಗೆ ನಾಲ್ಕು ಕಾಯಿ. ಬಳಿ ಚೂರು, ಹುಣಸಿ ಬೀಜ, ಕಡ್ಡಿ, ಕಲ್ಲು, ಏನು ಬೇಕಾದ್ರೂ ಕಾಯಿ ಆಗ್ತೈತಿ. ನಾಲ್ಕು ಕವಡಿ ಎಸೀಬೇಕು. ಎಷ್ಟು ಬಾಯಿ ಮ್ಯಾಕ ಬಿದ್ದಾವೋ ಅಷ್ಟು ಮನಿ ನಡೀಬೇಕು. ನಾಲ್ಕೂ ಮ್ಯಾಕ ಬಿದ್ರ ಚೌಕ, ನಾಲ್ಕೂ ಬೋರಲ ಬಿದ್ರ ಬಾರ, ಅಂದ್ರ ಎಂಟು. ಅವೆರಡು ಬಿದ್ರ ಇನ್ನೊಂದು ಸಲ ಎಸೀಬೌದು. ಹೊರಗಿನ ಸುತ್ತು 16 ಮನಿ, ಒಳಗಿನ ಸುತ್ತು 8, ನಡಕಿಂದು ಒಂದು. ಹೊರಗ ಒಂದು ಕಡೆ ತಿರುಗಿ, ಒಳಗ ಹೊಕ್ಕ ಮ್ಯಾಲೆ ಉಲ್ಟಾ ತಿರುಗಿ, ನಡುಮನಿಗೆ ಹೋಗಿ ಹಣ್ಣಾಗಬೇಕು. ಗೀರು ಹಾಕಿದ ಕಟ್ಟಿಮನ್ಯಾಗ ಕುಂತವರನ್ನ ಯಾರೂ ಕಡೀಬಾರ್ದು. ಮಿಕ್ಕ ಮನ್ಯಾಗ ಸಿಕ್ರ ಕಡೀಬೌದು. ಕಡಿಸ್ಕೊಂಡಾಕಿ ಮತ್ತ ಮೊದಲ ಮನಿಯಿಂದ.

ಇಷ್ಟರಾಗ ನನಗ ಹಿಡಿಸದ ಕಟ್ಟಳಿ ಮೂರು ಅದಾವ.

ನಮ್ಮ ತವರಾಗ, ಹಡಗಲಿ ಕಡೆ, ಚೌಕ ಇಲ್ಲಾ ಬಾರ ಬೀಳೋತನ ಕಾಯಿ ಏಳಂಗಿಲ್ಲ ಅಂತಿತ್ತು. ಮಂದಿ ಎಲ್ಲಾ ಅರ್ಧ ಸುತ್ತು ಹೋಗಿರ್ತಾರ, ನಾನು ಕವಡಿ ಉಜ್ಜಿಕೋತ ಕುಂತಿರ್ತಿದ್ದೆ. ಬೆಂಗಳೂರಾಗ ಇರೋ ನಮ್ಮ ನೆಗೆಣ್ಣಿ ಮಗ ಲೆಕ್ಕ ಹಾಕಿ ತೋರ್ಸಿದ. ಕವಡಿ ಎರಡೂ ಮಗ್ಗಲಿಗೆ ಸರಿಸಮ ಬೀಳ್ತಾವ ಅಂತ ಹಿಡಿದ್ರ ನಾಲ್ಕು ಕವಡಿ ಬೀಳೋದು ಒಟ್ಟು 16 ನಮೂನಿ. ಅದರಾಗ ಒಂದು ಬೀಳೋದು 4 ನಮೂನಿ, ಎರಡು ಬೀಳೋದು 6, ಮೂರು ಬೀಳೋದು 4, ಚೌಕ ಒಂದೇ, ಬಾರ ಒಂದೇ. ಅಂದ್ರ ಎಂಟು ಸಲ ಎಸದ್ರ ಒಂದ್ಸಲ ಏಳಬೌದು, ಅದೂ ಅದೃಷ್ಟ ಇದ್ರ. ನಲವತ್ತು ವರ್ಷದ ಹಿಂದ ನಾನು ಅಳ್ತಿದ್ದೆನಲ್ಲ, "ಇದು ಮೋಸದ ಆಟ" ಅಂತ, ಅವಾಗ ನಮ್ಮಪ್ಪ "ಎಲ್ಲರಿಗೂ ಒಂದೇ ಕಟ್ಟಳಿ, ಮೋಸ ಎಲ್ಲೈತಿ" ಅಂದಿದ್ದ. ಎಲ್ಲರಿಗೂ ಒಂದೇ ಖರೆ, ಆದ್ರ ಮಂದಿ ಆಡೋದು ನೋಡ್ಕೋತ ಕೂಡೋದು ಒಂದು ಆಟ ಏನು? ಕೊಟ್ಟೂರಿಗೆ ಮದುವಿ ಆಗಿ ಬಂದಾಗ ಇಲ್ಲಿ ಆ ಕಟ್ಟಳಿ ಇದ್ದಿಲ್ಲ. ಗಂಡನ ಮನ್ಯಾಗ ನನಗ ಮೊದಲ ದಿನ ಹಿಡಿಸಿದ್ದು ಅದೊಂದೇ ಅಂದ್ರೂ ಸುಳ್ಳಲ್ಲ.

ಎರಡನೇದು ನಿಮಗೆಲ್ಲಾ ಗೊತ್ತಿದ್ದದ್ದೇ. ಒಬ್ಬರನ್ನಾದ್ರೂ ಕಡಿಯೋತನ ಒಳಗಿನ ಸುತ್ತಿಗೆ ಹೋಗಂಗಿಲ್ಲ. ಸುಮ್ನ ತನ್ನ ಪಾಡಿಗೆ ತಾನು ನಡ್ಕೊಂಡು ಬಂದಾಕಿ ಹೊರಗ ಸುತ್ತಬೇಕು, ಇನ್ನೊಬ್ಬಾಕಿನ್ನ ಹೊಡದಾಕಿ ಒಳಗ ಹೋಗ್ತಾಳ. ಆಟ ಜೋರಾಗಲಿ ಅಂತ ಮಾಡಿರಬೇಕು, ಇಲ್ಲಾಂದ್ರ ಎಲ್ಲರೂ ಕಟ್ಟಿಮನಿಯಿಂದ ಕಟ್ಟಿಮನಿಗೆ ಹಾರಿ ಆರಾಮ ಮುಗಿಸ್ಬಿಡ್ತಾರ. ಆ ಕಾರಣ ನನಗ ತಿಳಿತೈತಿ. ಆದ್ರೂ ಹಿಡಿಸಂಗಿಲ್ಲ.

ಮೂರನೇದು ಪುಸ್ತಕದಾಗ ಎಲ್ಲೂ ಇರ್ಲಿಕ್ಕಿಲ್ಲ. ನಮ್ಮ ಮನ್ಯಾಗ ಇತ್ತು. ಬಹುಶಃ ನಿಮ್ಮ ಮನ್ಯಾಗೂ ಇರಬೌದು. "ಎದ್ದಾಕಿ ಪಾಳಿ ಹೋತು."

ಪಂಚಮಿ ಬಂತು ಅಂದ್ರ ಹೆಣ್ಮಕ್ಕಳು ತವರಿಗೆ ಬರ್ತಾರ. ಹೊಸ ಸೊಸ್ತೇರು ತಮ್ಮ ತವರಿಗೆ ಹೋಗ್ತಾರ, ನಮ್ಮಂಥಾ ಹಳೇ ಸೊಸ್ತೇರು ಬಂದ ನಾದಿನ್ಯಾರಿಗೆ ಮಾಡಿ ಹಾಕಾಕ ಉಳೀತೀವಿ. ರೊಟ್ಟಿ ಪಂಚಮಿ ದಿನ ರೊಟ್ಟಿ ಬಡದು, ಮರುದಿನ ಹುತ್ತಕ್ಕ ಹಾಲೆರದು, ಉಂಡಿ, ಅಳ್ಳು ಎಲ್ಲಾ ತಟ್ಟಿಗೆ ಹಾಕಿ ಮಧ್ಯಾಹ್ನ ಆಟಕ್ಕ ಕೂಡ್ತಿದ್ವಿ. ಕುಂತು ಎರಡು ಸುತ್ತು ಆಗಿರಂಗಿಲ್ಲ, ಹೊರಗ ಗಂಡಸರು ಚಾ ಅಂತಾರ. ಇಲ್ಲಾ ಹಾಲು ಉಕ್ಕತೈತಿ. ಇಲ್ಲಾ ನಳ ಬರ್ತೈತಿ. ಏಳಬೇಕು. ಎದ್ದು ಬರೋದ್ರಾಗ ಪಾಳಿ ಮುಂದಕ್ಕ ಹೋಗಿರ್ತೈತಿ. ಕೇಳಿದ್ರ, "ಎದ್ದಾಕಿ ಪಾಳಿ ಹೋತು, ಎಲ್ಲರಿಗೂ ಅದೇ." ಎಲ್ಲರಿಗೂ ಅದೇ! ನಾಲ್ಕು ಮಂದ್ಯಾಗ ಏಳೋರು ಯಾರು ಅಂತ ಯಾರಾದ್ರೂ ನೋಡಿದ್ರೇನು? ನಾದಿನ್ಯಾರು ಏಳಂಗಿಲ್ಲ, ಅದು ಅವರ ತವರು, ಅವರು ವರ್ಷಕ್ಕೊಂದ್ಸಲ ಕುಂತಿರ್ತಾರ, ಅದೂ ನ್ಯಾಯಾನೇ. ಏಳೋರು ನಾನು, ನಮ್ಮ ನೆಗೆಣ್ಣಿ.

ನಮ್ಮ ನೆಗೆಣ್ಣಿ ಹರಪನಹಳ್ಳಿ ಕಡೆಯಾಕಿ, ನನಗಿಂತ ಆರು ವರ್ಷ ದೊಡ್ಡಾಕಿ. ಆಕಿ ಕಾಯಿ ಒಂದೂ ಒಳಗ ಹೋಗಿದ್ದು ನಾನು ನೋಡಿದ್ದಿಲ್ಲ. ಮನಿ ಮಂದೆಲ್ಲಾ ಅದಕ್ಕೊಂದು ಮಾತು ಮಾಡಿದ್ರು. "ಪಾಪ, ಆಕಿ ಕೈಲಿ ಯಾರನ್ನೂ ಕಡಿಯಾಕ ಆಗಂಗಿಲ್ಲ, ಅಷ್ಟು ಮೆತ್ತಗಿನ ಮನಸು." ಹೊಗಳಿದ್ದೇ ಅದು. ಮಕ್ಕಳ ಮುಂದೂ ಹಂಗೇ ಹೇಳೋರು, ದೊಡ್ಡಮ್ಮನ ನೋಡಿ ಕಲೀರಿ ಅಂತ.

ಇಷ್ಟೆಲ್ಲಾ ಮಾತು ಹೊಳ್ಳಿ ಎದ್ದಿದ್ದು ಆಕಿ ಮಗನಿಂದ. ಆ ಹುಡುಗ ಪಂಚಮಿಗೆ ಬರುವಾಗ ಒಂದು ಚೀಲದಾಗ ಬಣ್ಣಬಣ್ಣದ ದಾಳ ತಂದಿದ್ದ. ನಾಲ್ಕು ಮುಖದ್ದು, ಎಂಟು ಮುಖದ್ದು, ಹನ್ನೆರಡು, ಇಪ್ಪತ್ತು ಮುಖದ್ದೂ ಇತ್ತು, ಗೋಲಿಯಂಗ ಉಳ್ಳತಿತ್ತು. ಅದರ ಹೆಸರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅಂತ. 1974ರಾಗ ಅಮೆರಿಕಾದಾಗ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಅಂತ ಇಬ್ಬರು ಮಾಡಿದ್ದು. ಮನಿ ಗೀರಂಗಿಲ್ಲ, ಗೆಲ್ಲಂಗಿಲ್ಲ, ಸೋಲಂಗಿಲ್ಲ. ಒಬ್ಬ ಕಥಿ ಹೇಳ್ತಾನ, ಉಳಿದವರು ಕಥ್ಯಾಗಿನ ಮಂದಿ ಆಗ್ತಾರ. ನೀ ಕಾಡಾಗ ಹೊಂಟಿ, ಮುಂದ ಒಂದು ಗವಿ ಐತಿ, ಏನು ಮಾಡ್ತಿ ಅಂತ ಕೇಳ್ತಾನ. ನಮ್ಮ ಬಯಲಾಟದಾಗ ಭಾಗವತರು ಇರ್ತಾರಲ್ಲ ಹಂಗ, ಆದ್ರ ಮುಂದಿನ ಮಾತು ಯಾರಿಗೂ ಗೊತ್ತಿರಂಗಿಲ್ಲ, ದಾಳ ಹೇಳ್ಬೇಕು. ನಾನು ಕೊಡ್ಲಿ ಹಿಡಿದ ಕುಳ್ಳಿ ಆದೆ. ಎರಡು ತಾಸು ಆಡಿದ್ವಿ. ನಮ್ಮತ್ತಿಯವರು ಮಂಚದ ಮ್ಯಾಲಿಂದ "ಇವ್ರಿಗೆ ಏನಾಗೈತಿ" ಅಂತ ನೋಡ್ತಿದ್ರು.

ಅದರಾಗಿನ ಕಟ್ಟಳಿ ಒಂದೊಂದು ಕೇಳಿದ್ರ ನಗು ಬರ್ತೈತಿ. ಮೊದಲಿನ ಪುಸ್ತಕದಾಗ ಮಂತ್ರವಾದಿ ಒಂದು ಮಂತ್ರ ಅಂದ ಕೂಡ್ಲೆ ಅದು ಅವನಿಗೆ ಮರ್ತು ಹೋಗ್ತಿತ್ತಂತ, ಮರುದಿನ ಕುಂತು ಮತ್ತ ಬಾಯಿಪಾಠ ಮಾಡಬೇಕು. ನಮ್ಮ ಮೊಮ್ಮಗನ ಮಗ್ಗಿ ಇದ್ದಂಗ. ರಾಕ್ಷಸನ ಕೊಂದ್ರ ಬುದ್ಧಿ ಬೆಳಿತೈತಿ ಸರಿ, ಬಂಗಾರ ಹೊತ್ಕೊಂಡು ಬಂದ್ರೂ ಅವಾಗ ಬುದ್ಧಿ ಬೆಳೀತಿತ್ತಂತ. ಒಂದು ವರಹಕ್ಕ ಒಂದು ಅಂಕ ಲೆಕ್ಕ. ಬಂಗಾರ ಹೆಚ್ಚಾದವರ ಬುದ್ಧಿ ನಾವು ಊರಾಗ ನೋಡೇವಲ್ಲ! ಕುಳ್ಳರು ಇಷ್ಟೇ ಮೆಟ್ಟಲು ಏರಬೇಕು, ಮನುಷ್ಯರು ಎಷ್ಟು ಬೇಕಾದ್ರೂ ಏರಬೌದು ಅಂತ ಇನ್ನೊಂದು. ಅದನ್ನ 2000ದಾಗ ತೆಗದ್ರಂತ.

ಆದ್ರ ನನ್ನ ಹೊಟ್ಟಿ ಉರಿದಿದ್ದು ಇದಕ್ಕ. 1978ರಾಗ ಬಂದ ಅವರ ದೊಡ್ಡ ಪುಸ್ತಕದಾಗ ಹೆಂಗಸಿನ ಪಾತ್ರಕ್ಕ ಶಕ್ತಿ ಇಷ್ಟರ ಮ್ಯಾಲೆ ಹೋಗಬಾರ್ದು ಅಂತ ಬರದಿದ್ರು. ಗಂಡಸಿಗೆ ಹದಿನೆಂಟರ ಮ್ಯಾಲೆ ನೂರರತನ, ಹೆಂಗಸಿಗೆ ಹದಿನೆಂಟರ ಮ್ಯಾಲೆ ಐವತ್ತಕ್ಕ ನಿಲ್ಲಬೇಕು. ಬೆಂಕಿ ಉಗುಳೋ ಹಾವು, ಹಾರೋ ಕುದುರಿ, ಸತ್ತವರು ಎದ್ದು ಬರೋದು, ಎಲ್ಲಾ ಒಪ್ಕೊಂಡ ಮಂದಿ ಹೆಂಗಸು ಗಟ್ಟಿ ಇರ್ತಾಳ ಅನ್ನೋದನ್ನ ಮಾತ್ರ ಒಪ್ಪಲಿಲ್ಲ ನೋಡ್ರಿ. ತಲಿ ಮ್ಯಾಲೊಂದು, ಬಗಲಾಗೊಂದು ಕೊಡ ಹೊತ್ಕೊಂಡು ಬರೋರನ್ನ ಅವರು ನೋಡಿದ್ದಿಲ್ಲ ಕಾಣ್ತೈತಿ. 1989ರಾಗ ಹೊಸ ಪುಸ್ತಕ ಬಂದಾಗ ಅದನ್ನ ಕೈಬಿಟ್ರಂತ.

ಆಮ್ಯಾಲೆ ಹುಡುಗ ಹೇಳಿದ, "ಚಿಗವ್ವ, ನಮ್ಮ ಗೆಳೆಯರಿಗೆಲ್ಲಾ ಬ್ಯಾಸರ ಬರೋ ಕಟ್ಟಳಿ ಬ್ಯಾರೇನೇ ಐತಿ" ಅಂತ. ಏನಪ್ಪಾ ಅಂದ್ರ, ಊಟದ ಲೆಕ್ಕ. ಗವಿಗೆ ಹೋಗುವಾಗ ಎಷ್ಟು ದಿನದ ಬುತ್ತಿ ಕಟ್ಕೊಂಡೀರಿ, ಎಷ್ಟು ದೀವಟಿಗಿ ಐತಿ, ಹೊರೆ ಎಷ್ಟು ಭಾರ, ಎಲ್ಲಾ ಬರದಿಡಬೇಕು. ಮೊದಲಿನ ಪುಸ್ತಕದಾಗ ಭಾರಾನೂ ನಾಣ್ಯದ ಲೆಕ್ಕದಾಗೇ, ಹತ್ತು ನಾಣ್ಯಕ್ಕ ಒಂದು ಪೌಂಡು. ಇದು ಯಾರಿಗೂ ಬ್ಯಾಡ. ಅವನ ಗೆಳೆಯರು ಅದನ್ನ ಬಿಟ್ಟು ಆಡ್ತಾರ. ಊಟ ಅಂದ್ರ ಊಟ ಇರ್ತೈತಿ ಅಷ್ಟೇ, ಕತ್ತಿ ಹಿಡಿದು ಮುಂದ ನಡದ್ರಾತು.

ನನಗ ಆ ಇಡೀ ಆಟದಾಗ ಹಿಡಿಸಿದ ಕಟ್ಟಳಿ ಅದೊಂದೇ. ನಾನು ಹೇಳ್ದೆ, "ಲೇ ತಮ್ಮಾ, ಊಟ ಇರ್ತೈತಿ ಅಂದ್ರ ಎಲ್ಲಿಂದ ಇರ್ತೈತಿ? ಲೆಕ್ಕ ಬಿಟ್ರ ಬುತ್ತಿ ಕಟ್ಟಿದಾಕಿನೂ ಕಥಿಯಿಂದ ಬಿಟ್ಟಂಗ." ಅವನು ನಕ್ಕ. ಅಷ್ಟರಾಗ ಅಲ್ಲೇ ಉಂಡಿ ತಟ್ಟಿ ಇಡಾಕ ಬಂದಿದ್ದ ಅವರವ್ವ ನಿಂತ್ಲು. ನಿಂತು, ಆಟದ ಕಡೆ ನೋಡ್ಕೋತನೇ ಅಂದ್ಲು, "ನಾನು ಕಡಿಯೋದಿಲ್ಲ ಅಂತ ಎಲ್ಲರೂ ಅಂತಾರ. ಮನಸ್ಸಿದ್ದಿಲ್ಲ ಅಂತ ಅಲ್ಲ. ಕಡಿಯೋ ಹೊತ್ತಿಗೆ ಒಲಿ ಮುಂದ ಇರ್ತಿದ್ದೆ."

ಯಾರೂ ಮಾತಾಡ್ಲಿಲ್ಲ. ನನ್ನ ಪಾಳಿನೂ ಹೋಗ್ತಿತ್ತಲ್ಲ, ನನಗಾದ್ರೂ ಹೊಳದಿತ್ತೇನು ಅಂದ್ರ, ನನ್ನದಕ್ಕ ನಾನು ಜಗಳ ತಗೀತಿದ್ದೆ. ಆಕಿ ಬಾಯಿ ಮಾಡಲಿಲ್ಲ, ಅದಕ್ಕ ಆಕಿಗೆ ಮೆತ್ತಗಿನ ಮನಸು ಅನ್ನೋ ಬಿರುದು.

ಆಟದ ಕಟ್ಟಳಿ ಬಗ್ಗೆ ತುಂಬಿದ ಸಭಾದಾಗ ಪ್ರಶ್ನೆ ಎತ್ತಿದಾಕಿ ದ್ರೌಪದಿ. ಧರ್ಮರಾಯ ಮೊದ್ಲು ತನ್ನನ್ನ ಸೋತ್ನೋ, ನನ್ನನ್ನ ಸೋತ್ನೋ? ಮೊದ್ಲು ತಾನೇ ಸೋತು ಆಳಾದ ಮ್ಯಾಲೆ ನನ್ನನ್ನ ಒಡ್ಡಾಕ ಅವನಿಗೆ ಯಾವ ಹಕ್ಕು? ಇದು ಅಳುವಿನ ಮಾತಲ್ಲ, ಪಕ್ಕಾ ಕಟ್ಟಳಿ ಮಾತು. ಭೀಷ್ಮನಂಥಾ ಭೀಷ್ಮ ಸರಿಯಾಗಿ ಉತ್ತರ ಕೊಡಲಿಲ್ಲ. ಕೌರವರಾಗೇ ವಿಕರ್ಣ ಒಬ್ಬನೇ ಆಕಿ ಪರ ಮಾತಾಡಿದ. ನಾವು ದ್ರೌಪದಿ ಸೀರಿ ಕಥಿ ಹೇಳ್ತೀವಿ, ಪ್ರಶ್ನೆ ಹೇಳೋದು ಮರೀತೀವಿ.

ಮತ್ತ ಕಟ್ಟಳಿ ಅಂದ್ರ ಬ್ರಹ್ಮಲಿಖಿತ ಏನಲ್ಲ. ಮೈಸೂರು ಅರಸ ಮುಮ್ಮಡಿ ಕೃಷ್ಣರಾಜ ಒಡೆಯರು, 1794ರಿಂದ 1868ರತನ ಇದ್ದೋರು, ತಾವೇ ಕುಂತು ಹೊಸ ಹೊಸ ಆಟ ಕಟ್ಟಿದ್ರು. ಅವರ ಶ್ರೀತತ್ತ್ವನಿಧಿ ಗ್ರಂಥದಾಗ ಆಟಕ್ಕಂತನೇ ಕೌತುಕನಿಧಿ ಅಂತ ಒಂದು ಭಾಗ ಐತಿ. ಅರಸರು ಕಟ್ಟಬೌದಾದ್ರ ನಾವು ನಮ್ಮ ಪಡಸಾಲ್ಯಾಗ ಒಂದು ಸಾಲು ತಿದ್ದಬಾರ್ದೇನು?

ತಿದ್ದಿದ್ವಿ. ಅವತ್ತೇ ಸಂಜಿಗೆ. ಎದ್ದಾಕಿ ಬರೋತನ ಆಟ ನಿಲ್ಲಬೇಕು, ಕವಡಿ ಆಕಿ ಜಾಗದಾಗ ಬೋರಲ ಇಡಬೇಕು ಅಂತ. ನೆಗೆಣ್ಣಿಗೆ ಮೊಣಕಾಲು ನೋವು, ನೆಲದ ಮ್ಯಾಲೆ ಕೂಡಾಕ ಆಗಂಗಿಲ್ಲ, ಅದಕ್ಕ ಊಟದ ಟೇಬಲ್ ಮ್ಯಾಲೆ ಹಳೇ ಕ್ಯಾಲೆಂಡರ್ ಹಿಂದ್ಲ ಮಗ್ಗಲಿಗೆ ಮನಿ ಗೀರಿದ್ವಿ. ದೊಡ್ಡ ನಾದಿನಿ ಮೂಗು ಮುರಿದ್ಲು, "ಹಿಂಗಾದ್ರ ಆಟ ಮುಗಿಯೋದು ಮಹಾನವಮಿಗೆ" ಅಂತ. ಮೊದಲ ಸುತ್ತಿನಾಗೇ ಚಾ ಅಂದ್ರು, ನೆಗೆಣ್ಣಿ ಎದ್ಲು, ಆಟ ನಿಂತಿತು. ಹತ್ತು ನಿಮಿಷ. ಎಲ್ಲರೂ ಖಾಲಿ ಕುಂತ್ವಿ. ಎರಡನೇ ಸಲ ಹೊರಗಿಂದ ನೀರು ಅಂದಾಗ ಕುಂತು ಕುಂತು ಬ್ಯಾಸರಾಗಿ ನಾದಿನಿನೇ "ನೀ ಕೂಡವ್ವ, ಆಡು, ಇಲ್ಲಾಂದ್ರ ಮುಗಿಯಂಗಿಲ್ಲ" ಅಂತ ಎದ್ದು ಹೋದ್ಲು. ಮೂರನೇ ಸಲ ಹುಡುಗ ಹೋದ. ನಾಲ್ಕನೇ ಸಲ ಹೊರಗಿಂದ ಯಾರೂ ಏನೂ ಕೇಳಲಿಲ್ಲ, ಚರಿಗಿ ತಗೊಂಡು ತಾವೇ ಒಳಗ ಬಂದ್ರು.

ನೆಗೆಣ್ಣಿ ಮೂರು ಎಸದು ನಾದಿನಿ ಕಾಯಿ ಕಡದ್ಲು. ಕಟ್ಟಿಮನಿ ಇನ್ನೊಂದೇ ಮನಿ ಮುಂದಿತ್ತು, ಆಕಿ ಬಿಡ್ಲಿಲ್ಲ. ಕಡದು ಮತ್ತ ಎಸದು, ಒಂದು ತಾಸಿನಾಗ ಇನ್ನೂ ಇಬ್ಬರದು ಕಡದ್ಲು, ಅದರಾಗ ನಂದೂ ಒಂದು, ಹಣ್ಣಾಗಾಕ ಎರಡೇ ಮನಿ ಬಾಕಿ ಇದ್ದದ್ದು. ಮೆತ್ತಗಿನ ಮನಸು ಅಂತ! ಕೊನಿಗೆ ಗೆದ್ದಾಕಿ ನಾದಿನಿನೇ, ಇವಳು ಮೂರನೇದಾಕಿ. ನಾಲ್ಕನೇದಾಕಿ ಯಾರು ಅಂತ ಹೇಳಂಗಿಲ್ಲ.

ಕಡಿಯದೆ ಒಳಗ ಬಿಡೋ ಕಟ್ಟಳಿ ಮಾಡೋಣ ಅಂತ ನಾನು ಅಂದಿದ್ದೆ, ಅದನ್ನ ಬ್ಯಾಡ ಅಂದಾಕಿ ಅಕಿನೇ. "ಈಗ ಕಡಿಯಾಕ ಬಂದೈತಿ, ಇರ್ಲಿ" ಅಂದ್ಲು. ಅದು ಹಂಗೇ ಉಳಿತು. ಇನ್ನೊಂದು ತಂಟಿ ಮಾತ್ರ ಬಗೆಹರಿದಿಲ್ಲ. ಮೂರು ಸಲ ಸಾಲಾಗಿ ಬಾರ ಬಿದ್ರ ಮೂರೂ ಸುಟ್ಟು ಹೋಗ್ತಾವ ಅಂತ ನಮ್ಮತ್ತಿಯವರು, ಎಣಿಸ್ಬೇಕು ಅಂತ ನಾನು. ಎಂಬತ್ತು ದಾಟಿದ ಜೀವ, ಮಂಚದ ಮ್ಯಾಲಿಂದ ಕೋಲು ಬಡದು ಹೇಳ್ತಾರ. ನನಗ ಇನ್ನೂತನ ಮೂರು ಬಾರ ಸಾಲಾಗಿ ಬಿದ್ದಿಲ್ಲ, ಬಿದ್ದ ದಿನ ನೋಡ್ಕೋತೀನಿ.