ರೆನ್ ಅಂಡ್ ಮಾರ್ಟಿನ್ ಕಲಿಸಿದ ಕನ್ನಡ

ನಮ್ಮ ಕಾಲದ ಅನೇಕ ಮನೆಗಳ ಗೂಡಿನಲ್ಲಿ ಪಂಚಾಂಗದ ಪಕ್ಕ ಒಂದು ದಪ್ಪ ಇಂಗ್ಲಿಷ್ ಪುಸ್ತಕ ಇರುತ್ತಿತ್ತು. ಅದರ ಪೂರ್ತಿ ಹೆಸರು ‘ಹೈಸ್ಕೂಲ್ ಇಂಗ್ಲಿಷ್ ಗ್ರಾಮರ್ ಅಂಡ್ ಕಾಂಪೋಸಿಷನ್’. ಹಾಗೆಂದು ಕರೆದವರನ್ನು ನಾನು ನೋಡಿಲ್ಲ. ಬರೆದವರ ಹೆಸರೇ ಪುಸ್ತಕದ ಹೆಸರಾಗಿತ್ತು: ರೆನ್ ಅಂಡ್ ಮಾರ್ಟಿನ್. 1930ರ ದಶಕದಲ್ಲಿ ಬಂದ ಈ ಪುಸ್ತಕವನ್ನು ಮುಂದೆ ಎನ್.ಡಿ.ವಿ. ಪ್ರಸಾದ ರಾವ್ ಪರಿಷ್ಕರಿಸಿದರು. ಇಂದಿಗೂ ಅಂಗಡಿಗಳಲ್ಲಿ ಸಿಗುತ್ತದೆ. ಮಕ್ಕಳೇ, ಒಂದು ತಮಾಷೆ ಕೇಳಿ. ವ್ಯಾಕರಣ ಬರೆದ ಪಿ.ಸಿ. ರೆನ್ ಸಾಹೇಬರು ಮರುಭೂಮಿಯ ಕೋಟೆ, ಸಿಪಾಯಿಗಳ ಸಾಹಸವಿರುವ ‘ಬೋ ಜೆಸ್ಟ್’ ಎಂಬ ಕಾದಂಬರಿಯನ್ನೂ 1924ರಲ್ಲಿ ಬರೆದಿದ್ದರು!

ನಾನು ಎಸ್ಸೆಸ್ಸೆಲ್ಸಿವರೆಗೆ ಓದಿದ್ದು ಕನ್ನಡದಲ್ಲಿ. ಬಿ.ಕಾಂ. ಇಂಗ್ಲಿಷಿನಲ್ಲಿ. ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೇ ಪುಸ್ತಕದ ಅಂಗಡಿಯಲ್ಲಿ ಇದನ್ನು ಕೊಂಡು, ದಿನಕ್ಕೊಂದು ಅಭ್ಯಾಸದಂತೆ ಬಿಡಿಸುತ್ತಾ ಹೋದೆ. ಬಯಸಿದ್ದು ಇಂಗ್ಲಿಷ್. ಅದರ ಜೊತೆಗೆ ನನ್ನ ಕನ್ನಡವೂ ಸುಧಾರಿಸಿತು.

ಮೊದಲ ಪಾಠ, ವಾಕ್ಯವನ್ನು ಬಿಡಿಸಿ ನೋಡುವುದು. ಯಾರು? ಏನು ಮಾಡಿದರು? ಯಾವುದನ್ನು? ಇಂಗ್ಲಿಷಿನಲ್ಲಿ ಕರ್ತೃವಿನ ಹಿಂದೆಯೇ ಕ್ರಿಯಾಪದ ಬಂದುಬಿಡುತ್ತದೆ. ನಮ್ಮ ಕನ್ನಡದಲ್ಲಿ ಅದು ಕೊನೆಗೆ ಬರುವ ಯಜಮಾನ. ವಾಕ್ಯ ಉದ್ದವಾದಷ್ಟೂ ಓದುವವನು ಉಸಿರು ಹಿಡಿದು ಕಾಯಬೇಕು. ಇದು ತಿಳಿದ ಮೇಲೆ ನನ್ನ ವಾಕ್ಯಗಳು ಚಿಕ್ಕವಾದವು.

ಎರಡನೆಯ ಪಾಠ, ಆ್ಯಕ್ಟಿವ್ ಮತ್ತು ಪ್ಯಾಸಿವ್. ನಮ್ಮಲ್ಲಿ ಕರ್ತರಿ, ಕರ್ಮಣಿ ಎನ್ನುತ್ತೇವೆ. ‘ರಾಮ ಮರ ಕಡಿದ’ ಎಂದರೆ ಕಡಿದವನು ಎದುರಿಗೇ ಇದ್ದಾನೆ. ‘ಮರವನ್ನು ಕಡಿಯಲಾಯಿತು’ ಎಂದರೆ ರಾಮ ನಾಪತ್ತೆ! ಮನೆಯಲ್ಲಿ ಯಾರೂ ‘ಊಟವನ್ನು ಬಡಿಸಲಾಗಿದೆ’ ಎನ್ನುವುದಿಲ್ಲ. ಕಚೇರಿಯ ಕಾಗದದಲ್ಲಿ ಮಾತ್ರ ಎಲ್ಲವೂ ‘ಲಾಗಿದೆ’, ‘ಲಾಗುವುದು’. ಮಾಡಿದವರು ಯಾರೆಂಬುದು ಬೇಡವಾದ ಕಡೆ ಈ ಪ್ರಯೋಗ ತಪ್ಪಲ್ಲ. ಬೇಕಾದ ಕಡೆ ಅದು ಪರದೆಯಾಗುತ್ತದೆ. ನೀವೂ ಕಡಿಮೆಯವರಲ್ಲ. ‘ಲೋಟ ಒಡೆದುಹೋಯಿತು’ ಎನ್ನುತ್ತೀರಿ, ‘ನಾನು ಒಡೆದೆ’ ಎನ್ನುವುದಿಲ್ಲ! ಅದು ಕರ್ಮಣಿ ಪ್ರಯೋಗವಲ್ಲ ನಿಜ, ಆದರೆ ಜಾಣತನ ಅದೇ.

ಈ ಪಾಠದ ಬೆಲೆ ನನಗೆ ತಿಳಿದದ್ದು ನಮ್ಮ ಬೀದಿಯ ಒಬ್ಬ ಅಜ್ಜಿಯಿಂದ. ಗಂಡ ತೀರಿಕೊಂಡು ಎಂಟು ತಿಂಗಳಾಗಿತ್ತು. ಕುಟುಂಬ ಪಿಂಚಣಿ ಬಂದಿರಲಿಲ್ಲ. ಔಷಧಿಯಂಗಡಿಯಲ್ಲಿ ಸಾಲ ಬೆಳೆದಿತ್ತು. ಅವರ ಕೈಯಲ್ಲಿ ಒಂದು ಕಚೇರಿಯ ಪತ್ರ: ‘ತಮ್ಮ ಅರ್ಜಿಯನ್ನು ಪರಿಶೀಲಿಸಲಾಗಿದ್ದು, ಅಗತ್ಯ ದಾಖಲೆಗಳ ಕೊರತೆಯ ಹಿನ್ನೆಲೆಯಲ್ಲಿ ಮಂಜೂರಾತಿ ನೀಡಲು ಸಾಧ್ಯವಾಗಿರುವುದಿಲ್ಲ.’ ‘ಮಂಜೂರಾತಿ’ ಎಂಬ ಮಾತು ಕಂಡು ಅಜ್ಜಿ ಹಣ ಬರುತ್ತದೆಂದೇ ಎರಡು ವಾರ ಕಾದಿದ್ದರು. ‘ಇಲ್ಲ’ ಎಂಬುದು ವಾಕ್ಯದ ತುದಿಯಲ್ಲಿ ಅಡಗಿತ್ತು. ಯಾರು ಪರಿಶೀಲಿಸಿದರು, ಯಾವ ದಾಖಲೆ ಬೇಕು ಎಂಬುದು ಎಲ್ಲೂ ಇರಲಿಲ್ಲ.

ಹಿಂದೆ ಯಾರೋ ಬರೆದುಕೊಟ್ಟ ಅವರ ಅರ್ಜಿಯೂ ಎರಡು ಪುಟವಿತ್ತು. ಅಲ್ಲಿ ನೆರವಿಗೆ ಬಂದದ್ದು ಮೂರನೆಯ ಪಾಠ, ಪ್ರೆಸಿ. ಒಂದು ಬರಹದ ಸಾರವನ್ನು ಸುಮಾರು ಮೂರನೇ ಒಂದು ಭಾಗಕ್ಕೆ ಇಳಿಸುವ ಅಭ್ಯಾಸ. ‘ಘನತೆವೆತ್ತ’, ‘ಸವಿನಯ ಪ್ರಾರ್ಥನೆ’ಗಳನ್ನೆಲ್ಲ ತೆಗೆದು, ಅಜ್ಜಿಯ ಮಾತಿನಲ್ಲೇ ಐದು ವಾಕ್ಯ ಬರೆದೆವು. ‘ನನ್ನ ಗಂಡ ಈ ದಿನಾಂಕದಂದು ತೀರಿಕೊಂಡರು. ನಾನು ಈ ದಿನ ಅರ್ಜಿ ಕೊಟ್ಟೆ. ನೀವು ದಾಖಲೆ ಸಾಲದು ಎಂದು ಬರೆದಿದ್ದೀರಿ. ಯಾವ ದಾಖಲೆ ಬೇಕು? ಅದನ್ನು ಯಾರ ಬಳಿ ಪಡೆಯಬೇಕು?’

ಹತ್ತು ದಿನಕ್ಕೆ ಉತ್ತರ ಬಂತು. ಒಂದು ಕಡೆ ಅವರ ಹೆಸರು ತವರಿನ ಇನಿಷಿಯಲ್‌ನಲ್ಲಿತ್ತು, ಇನ್ನೊಂದು ಕಡೆ ಗಂಡನ ಇನಿಷಿಯಲ್‌ನಲ್ಲಿ. ಎರಡೂ ಒಬ್ಬರೇ ಎಂದು ತೋರಿಸುವ ಒಂದು ಪ್ರಮಾಣಪತ್ರ ಸಾಕಿತ್ತು. ಬಾಕಿಯೂ ಸೇರಿ ಪಿಂಚಣಿ ಬಂದ ದಿನ ಅಜ್ಜಿ ಮೊದಲು ಔಷಧಿಯಂಗಡಿಗೆ ಹೋದರು. ಆಮೇಲೆ ನಮ್ಮ ಮನೆಗೆ ಕೋಡುಬಳೆ ತಂದರು.

ಒಳ್ಳೆಯ ಬರವಣಿಗೆ ಎಂದರೆ ದೊಡ್ಡ ಮಾತು ಎಂದು ಅನೇಕರ ಭಾವನೆ. ಓದುವವರು ಎರಡನೇ ಸಲ ಕೇಳಬೇಕಾಗದ ಹಾಗೆ ಬರೆಯುವುದೇ ಅದರ ಮೊದಲ ಗುಣ ಎಂದು ನನಗನ್ನಿಸುತ್ತದೆ.

ಮಕ್ಕಳೇ, ನಿಮ್ಮ ಇಂಗ್ಲಿಷ್ ವ್ಯಾಕರಣವನ್ನು ಪರೀಕ್ಷೆ ಮುಗಿದ ಮೇಲೆ ರದ್ದಿಗೆ ಹಾಕಬೇಡಿ. ಈ ವಾರ ಇದೇ ಪತ್ರಿಕೆಯ ಒಂದು ಕಥೆಯನ್ನು ಮೂರನೇ ಒಂದು ಭಾಗಕ್ಕೆ ಇಳಿಸಿ, ಅಜ್ಜ ಅಜ್ಜಿಗೆ ಓದಿ ಹೇಳಿ. ಅವರು ‘ಆಮೇಲೆ?’ ಎಂದರೆ ನೀವು ಗೆದ್ದಿರಿ. ‘ಯಾರು?’ ಎಂದು ಕೇಳಿದರೆ ಆ ವಾಕ್ಯವನ್ನು ಇನ್ನೊಮ್ಮೆ ಬರೆಯಿರಿ.