335 ಕಿಲೋಮೀಟರ್ ಅಂದ್ರೆ ಎಷ್ಟು ಹೊತ್ತು?

ಈ ಸೆಮಿಸ್ಟರ್‌ನ ಪೈಥಾನ್ ಮಿನಿ ಪ್ರಾಜೆಕ್ಟ್‌ಗೆ ನಾವು ನಾಲ್ಕು ಜನ ಆರಿಸ್ಕೊಂಡಿದ್ದು ಸಿಂಪಲ್ ವಿಷಯ: ಎರಡು ಏರ್‌ಪೋರ್ಟ್ ಹೆಸರು ಕೊಟ್ರೆ ದೂರ ಎಷ್ಟು, ಹಾರೋಕೆ ಎಷ್ಟು ಹೊತ್ತು ಅಂತ ಹೇಳೋ ಪ್ರೋಗ್ರಾಂ. ಎಲ್ಲರೂ ಬೆಂಗಳೂರು–ದೆಹಲಿ ಹಾಕ್ತಾರೆ. ನಾವು ಹಾಕಿದ್ದು ಆಸ್ಟ್ರೇಲಿಯಾದ ನಟ್ಟನಡುವಿನ ಮರುಭೂಮಿಯ ಎರಡು ಏರ್‌ಪೋರ್ಟ್: ಆಲಿಸ್ ಸ್ಪ್ರಿಂಗ್ಸ್ ಮತ್ತು ಏರ್ಸ್ ರಾಕ್. ಉಲುರು ಅನ್ನೋ ಆ ದೊಡ್ಡ ಕೆಂಪು ಬಂಡೆ ನೋಡೋಕೆ ಹೋಗೋರು ಇಳಿಯೋದು ಈ ಎರಡನೆಯದರಲ್ಲಿ. ನಮಗೆ ಬಂಡೆಗಿಂತ ಹತ್ತಿರದ ಕಾರಣ ಇತ್ತು. ನಮ್ಮಲ್ಲೊಬ್ಬಳ ಅಕ್ಕ ಆಲಿಸ್ ಸ್ಪ್ರಿಂಗ್ಸ್‌ನಲ್ಲಿ ನರ್ಸ್.

ಭೂಮಿಯನ್ನು 6,371 ಕಿ.ಮೀ. ತ್ರಿಜ್ಯದ ಚೆಂಡು ಅಂದ್ಕೊಂಡು, ಅಕ್ಷಾಂಶ ರೇಖಾಂಶಗಳನ್ನು ಹ್ಯಾವರ್‌ಸೈನ್ ಸೂತ್ರಕ್ಕೆ ಹಾಕಿದ್ರೆ ಸುಮಾರು 335 ಕಿ.ಮೀ. ಬರುತ್ತೆ. ಜೆಟ್ ವೇಗ ಗಂಟೆಗೆ 800 ಕಿ.ಮೀ. ಅಂದ್ರೆ 25 ನಿಮಿಷ. ಏರೋಕೆ, ಇಳಿಯೋಕೆ ಅಂತ ಇನ್ನರ್ಧ ಗಂಟೆ ಸೇರಿಸಿದ್ವಿ. ರಸ್ತೆಯಲ್ಲಾದ್ರೆ 200 ಕಿ.ಮೀ. ದಕ್ಷಿಣಕ್ಕೆ ಹೋಗಿ, ಎರ್ಲ್‌ಡುಂಡಾದಲ್ಲಿ ಪಶ್ಚಿಮಕ್ಕೆ ತಿರುಗಿ, ಮತ್ತೆ ಸುಮಾರು 250. ಹತ್ತತ್ರ ಐದು ಗಂಟೆ.

ವಿಡಿಯೋ ಕಾಲ್‌ನಲ್ಲಿ ಔಟ್‌ಪುಟ್ ತೋರಿಸಿದಾಗ ಅಕ್ಕ ನಕ್ಕುಬಿಟ್ರು. “ನಮ್ಮ ಪೇಷೆಂಟ್ ಜೆಟ್‌ನಲ್ಲಿ ಬರಲ್ಲ ಕಣ್ರೋ!”

ಅವರ ಪೇಷೆಂಟ್‌ಗಳು ಬರೋದು ರಾಯಲ್ ಫ್ಲೈಯಿಂಗ್ ಡಾಕ್ಟರ್ ಸರ್ವಿಸ್ ವಿಮಾನದಲ್ಲಿ. ಜಾನ್ ಫ್ಲಿನ್ ಅನ್ನೋ ಪಾದ್ರಿಯ ಹಟದಿಂದ 1928ರಲ್ಲಿ ಕ್ಲೊಂಕರಿ ಅನ್ನೋ ಊರಲ್ಲಿ, ಕ್ವಾಂಟಾಸ್‌ನಿಂದ ಬಾಡಿಗೆಗೆ ತಂದ ಒಂದೇ ಒಂದು ವಿಮಾನದಿಂದ ಶುರುವಾದ ಸೇವೆ ಇದು. ಈಗ ಆಲಿಸ್ ಸ್ಪ್ರಿಂಗ್ಸ್‌ನಿಂದ ಹಾರೋದು ಪಿಲಾಟಸ್ ಪಿಸಿ-12, ಒಂದೇ ಎಂಜಿನ್‌ನ ಟರ್ಬೊಪ್ರಾಪ್. ವೇಗ ಗಂಟೆಗೆ ಸುಮಾರು 500 ಕಿ.ಮೀ. ಅದೇ 335ಕ್ಕೆ ಈಗ 40 ನಿಮಿಷ. ಅದೂ ಹೋಗೋಕೆ ಮಾತ್ರ! ವಿಮಾನ ಇರೋದು ಇಲ್ಲಿ, ರೋಗಿ ಇರೋದು ಅಲ್ಲಿ. ಹೋಗಿ, ರೋಗಿಯನ್ನ ಸ್ಟ್ರೆಚರ್‌ನಲ್ಲಿ ಹತ್ತಿಸಿ, ವಾಪಸ್ ಬರಬೇಕು. ನಮ್ಮ ಸೂತ್ರದಲ್ಲಿ ದೂರ ಒಂದೇ ಸಲ ಬರುತ್ತೆ, ಕಾಯೋರಿಗೆ ಎರಡು ಸಲ.

ಏರ್ಸ್ ರಾಕ್‌ನಲ್ಲಾದ್ರೂ ಟಾರ್ ಹಾಕಿದ ರನ್‌ವೇ ಇದೆ. ಎಷ್ಟೋ ಕಡೆ ಇರೋದು ಬರೀ ಮಣ್ಣಿನ ಪಟ್ಟಿ. ವಿಮಾನ ಇಳಿಯೋಕೆ ಮೊದಲು ಯಾರಾದ್ರೂ ಕಾರಲ್ಲಿ ಅದರುದ್ದಕ್ಕೂ ಓಡಾಡಿ ಕಾಂಗರೂಗಳನ್ನ ಓಡಿಸ್ಬೇಕು. ರಾತ್ರಿ ಲೈಟ್ ಇಲ್ಲದಿದ್ರೆ ಟಾಯ್ಲೆಟ್ ಪೇಪರ್ ಸುರುಳಿಯನ್ನ ಡೀಸೆಲ್‌ನಲ್ಲಿ ನೆನೆಸಿ, ಡಬ್ಬದಲ್ಲಿಟ್ಟು ಹಚ್ಚಿ ರನ್‌ವೇ ಅಂಚು ತೋರಿಸಿದ್ದೂ ಉಂಟು. (ಇದಕ್ಕೆಲ್ಲ ವೇರಿಯಬಲ್ ಹೆಸರು ಏನಿಡೋದು ಹೇಳಿ?)

ಇಷ್ಟೆಲ್ಲ ಇದ್ರೂ ಹೆರಿಗೆ ನೋವು ವಿಮಾನಕ್ಕೆ ಕಾಯಲ್ಲ. ಅದಕ್ಕೇ ದೂರದ ಹಳ್ಳಿಗಳ ಗರ್ಭಿಣಿಯರನ್ನ ದಿನ ತುಂಬೋಕೆ ಕೆಲವು ವಾರ ಮೊದಲೇ ಪಟ್ಟಣಕ್ಕೆ ಕರ್ಕೊಂಡು ಬಂದು ಇರಿಸ್ತಾರೆ. ನಮ್ಮಲ್ಲಿ ಹೆರಿಗೆಗೆ ಅಂತ ತವರಿಗೆ ಹೋಗ್ತಾರೆ, ಬಾಣಂತನಕ್ಕೆ ಅಮ್ಮ ಇರ್ತಾಳೆ. ಅಲ್ಲಿ ಅಮ್ಮ, ಮಕ್ಕಳು, ತಮ್ಮ ಭಾಷೆ ಮಾತಾಡೋರು ಎಲ್ಲರನ್ನೂ ಬಿಟ್ಟು ಬಂದು ದಿನ ಎಣಿಸ್ಬೇಕು. ಅಂಥವರು ಸಂಜೆ ಹೊತ್ತು ಹೊರಗೆ ಕೂತಿರ್ತಾರಂತೆ. ಚಿಕ್ಕ ವಿಮಾನದ ಸದ್ದು ಕೇಳಿದ್ರೆ ಮಾತು ನಿಲ್ಲಿಸಿ, ಅದು ಯಾವ ದಿಕ್ಕಿಂದ ಬಂತು ಅಂತ ತಲೆ ಎತ್ತಿ ನೋಡ್ತಾರೆ ಅಂದ್ರು ಅಕ್ಕ.